ರಸ್ತೆಹಿಡಿತ ಮತ್ತು ತೂಗುವ್ಯವಸ್ಥೆ: ಅಂಬಾಸಿಡರ್ ಕಾರಿನ ನಿದರ್ಶನದಿಂದ ಒಂದು ವಿವೇಚನೆ

ಮೋಟಾರು ಕಾರಿನ ವಿಷಯ ಬಂದಾಗ ಎಂಜಿನ್ನಿನ ಮಾತನ್ನಾಡದವರು ವಿರಳ. ಎಷ್ಟು ಅಶ್ವಶಕ್ತಿ, ಲೀಟರಿಗೆ ಎಷ್ಟು ಕಿಲೋಮೀಟರು, ಏರಿನಲ್ಲಿ ಎಳೆತ ಹೇಗೆ ಎಂಬ ಪ್ರಶ್ನೆಗಳು ಎಲ್ಲರ ನಾಲಗೆಯ ಮೇಲೂ ಇರುತ್ತವೆ. ಟನ್ನಿಗೂ ಮಿಕ್ಕ ತೂಕದ ಆ ಯಂತ್ರವನ್ನು ನೆಲಕ್ಕೆ ಹಿಡಿದಿಡುವುದು ಮಾತ್ರ ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳು. ಕಾರು ಓಡುವುದು, ತಿರುಗುವುದು, ನಿಲ್ಲುವುದು ಈ ನಾಲ್ಕು ತುಣುಕುಗಳು ನೆಲವನ್ನು ಬಿಡದೆ ಇರುವವರೆಗೆ ಮಾತ್ರ. ಅವು ನೆಲವನ್ನು ಬಿಡದಂತೆ ನೋಡಿಕೊಳ್ಳುವ ಅಂಗಸಮೂಹವನ್ನೇ ಸಸ್ಪೆನ್‌ಶನ್ ಎಂದು ಕರೆಯುವುದು ರೂಢಿ. ಪ್ರಸ್ತುತ ಲೇಖನದಲ್ಲಿ ಅದನ್ನು ತೂಗುವ್ಯವಸ್ಥೆ ಎಂದು ಹೆಸರಿಸಿದೆ.

ತೂಗುವ್ಯವಸ್ಥೆಯು ಪ್ರಯಾಣಿಕರ ಸುಖಕ್ಕಾಗಿ ಮಾತ್ರ ಇದೆಯೆಂಬ ನಂಬಿಕೆ ಬಹಳ ಹಳೆಯದು. ಸಾರೋಟಿನ ಕಾಲದಲ್ಲಿ ಅದು ನಿಜವೂ ಆಗಿತ್ತು. ವೇಗವು ಹೆಚ್ಚಿದಂತೆ ಅದರ ಎರಡನೆಯ ಕರ್ತವ್ಯವೇ ಮುಖ್ಯವಾಯಿತು. ಕುಳಿತವರ ಬೆನ್ನೆಲುಬನ್ನು ಕಾಪಾಡುವುದು ಒಂದು, ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು ಇನ್ನೊಂದು. ಈ ಎರಡು ಕರ್ತವ್ಯಗಳು ಕೆಲವೆಡೆ ಜೊತೆಯಾಗಿ ನಡೆಯುತ್ತವೆ, ಕೆಲವೆಡೆ ಒಂದಕ್ಕೊಂದು ಎದುರಾಗುತ್ತವೆ. ಹಳೆಯ ಕಾರಿನ ರಸ್ತೆಹಿಡಿತವನ್ನು ಉತ್ತಮಗೊಳಿಸಲು ಹೊರಟವರು ಎಡವುವುದು ಬಹುಮಟ್ಟಿಗೆ ಈ ಎರಡನೆಯ ಸಂದರ್ಭದಲ್ಲಿಯೇ.

ನಿದರ್ಶನಕ್ಕೆ ಅಂಬಾಸಿಡರ್ ಕಾರನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ನಾಡಿನ ಮಠಮಾನ್ಯಗಳ, ಆಸ್ಪತ್ರೆಗಳ, ಸರಕಾರಿ ಕಚೇರಿಗಳ ಅಂಗಳದಲ್ಲಿ ಇದಕ್ಕಿಂತ ಹೆಚ್ಚು ಕಾಲ ನಿಂತ ಕಾರು ಮತ್ತೊಂದಿಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಮಾದರಿಯಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, 1950ರ ದಶಕದ ಕೊನೆಯಿಂದ 2014ರ ವರೆಗೆ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಇದನ್ನು ತಯಾರಿಸಿತು. ಎಂಜಿನ್ನುಗಳು ಬದಲಾದವು, ಮುಖದ ಜಾಲರಿಗಳು ಬದಲಾದವು. ಮೂಲ ವಿನ್ಯಾಸ ಮಾತ್ರ ಹೆಚ್ಚಾಗಿ ಹಾಗೆಯೇ ಉಳಿಯಿತು. ತಯಾರಿಕೆ ನಿಂತ ಮೇಲೂ ಅನೇಕ ಕಾರುಗಳು ಓಡುತ್ತಿವೆ. ಅವುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಲ್ಲಿ, ಇಂದಿನ ಹೆದ್ದಾರಿಯ ವೇಗಕ್ಕೆ ಅವನ್ನು ಒಗ್ಗಿಸಬೇಕೆಂಬ ಹಂಬಲ ಸಹಜವಾಗಿಯೇ ಹುಟ್ಟಿದೆ.

ಈ ಕಾರಿನ ಮುಂದಿನ ಎರಡು ಚಕ್ರಗಳು ಒಂದನ್ನೊಂದು ಅವಲಂಬಿಸದೆ ಸ್ವತಂತ್ರವಾಗಿ ಏರಿಳಿಯುತ್ತವೆ. ಅಲ್ಲಿ ಸುರುಳಿ ಸ್ಪ್ರಿಂಗು ಇಲ್ಲ. ಚಾಸಿಯ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳೊಂದು ಚಕ್ರ ಮೇಲೆದ್ದಾಗ ತಿರುಚಿಕೊಂಡು, ಬಿಟ್ಟಾಗ ಮರಳಿ ಬಿಚ್ಚಿಕೊಳ್ಳುತ್ತದೆ. ಇದೇ ತಿರುಚು ಸರಳು. ಮೆಕ್ಯಾನಿಕರ ಮಾತಿನಲ್ಲಿ ಟಾರ್ಶನ್ ಬಾರ್. 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಕಾರಿನಲ್ಲಿ ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕಾರನು ಇದೇ ಉಪಾಯವನ್ನು ಬಳಸಿದ್ದನು. ಹಿಂದೆ ಇರುವುದು ಮಾತ್ರ ಎತ್ತಿನ ಸಾರೋಟಿನಷ್ಟು ಹಳೆಯ ಏರ್ಪಾಟು: ಎಡಬಲದ ಚಕ್ರಗಳನ್ನು ಬೆಸೆದ ಗಟ್ಟಿ ಅಚ್ಚು, ಅದರ ಎರಡು ಬದಿಗೆ ಉಕ್ಕಿನ ಕಮಾನುಪಟ್ಟಿಗಳು. ಹಿಂದಿನ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲಲೇಬೇಕು. ಆ ಕಾಲದ ಇನ್ನೊಂದು ಜನಪ್ರಿಯ ಕಾರಾದ ಪ್ರೀಮಿಯರ್ ಪದ್ಮಿನಿಯಲ್ಲಿ ಮುಂದೆ ಸುರುಳಿ ಸ್ಪ್ರಿಂಗುಗಳಿದ್ದರೂ ಹಿಂದಿನ ಏರ್ಪಾಟು ಇದೇ ಬಗೆಯದಾಗಿತ್ತು. ಆದುದರಿಂದ ಮುಂದೆ ಹೇಳುವ ಬಹುಪಾಲು ಮಾತುಗಳು ಪದ್ಮಿನಿಗೂ ಸಲ್ಲುತ್ತವೆ.

ಸ್ಪ್ರಿಂಗಿನ ಮೂಲತತ್ತ್ವ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದದ್ದೇ. ಹಾಕಿದ ಭಾರಕ್ಕೆ ತಕ್ಕಷ್ಟು ಸ್ಪ್ರಿಂಗು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಪ್ರಯೋಗಶಾಲೆಯಲ್ಲಿ ಕೊಕ್ಕೆಗೆ ತೂಗುಹಾಕಿದ ಸ್ಪ್ರಿಂಗಿಗೆ ತೂಕದ ಬಟ್ಟುಗಳನ್ನು ಸೇರಿಸುತ್ತ ಅಳೆಯುವ ಬಾಲಕನು, ತನಗೆ ಅರಿವಿಲ್ಲದೆಯೇ ಕಾರಿನ ಗುಣವನ್ನು ಅಳೆಯುತ್ತಿರುತ್ತಾನೆ. ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ತಗ್ಗುತ್ತದೆ ಎಂಬ ಒಂದೇ ಅಳತೆಯಿಂದ ಆ ಕಾರು ಸೆಕೆಂಡಿಗೆ ಎಷ್ಟು ಬಾರಿ ತೂಗಾಡಲು ಬಯಸುತ್ತದೆ ಎಂಬುದನ್ನು ಹೇಳಬಹುದು. 25 ಸೆಂಟಿಮೀಟರು ತಗ್ಗಿದರೆ ಸೆಕೆಂಡಿಗೆ ಒಂದು ತೂಗು. 16 ಸೆಂಟಿಮೀಟರಾದರೆ ಒಂದೂಕಾಲು. 11 ಆದರೆ ಒಂದೂವರೆ. ಕೇವಲ 6 ಸೆಂಟಿಮೀಟರಾದರೆ ಎರಡು. ಒಂದರಿಂದ ಒಂದೂವರೆಯ ಒಳಗಿನ ತೂಗು ಮನುಷ್ಯನ ದೇಹಕ್ಕೆ ಹಿತ. ನಡಿಗೆಯ ಲಯವೂ ಅದಕ್ಕೆ ಬಹಳ ದೂರದಲ್ಲಿಲ್ಲ. ಎರಡನ್ನು ಮೀರಿದರೆ ಕಾರು ಕುಕ್ಕುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಸ್ಪ್ರಿಂಗನ್ನು ಎರಡು ಪಟ್ಟು ಗಡುಸುಗೊಳಿಸಿದರೂ ತೂಗಿನ ವೇಗ ಎರಡು ಪಟ್ಟಾಗುವುದಿಲ್ಲ. ವರ್ಗಮೂಲದ ಲೆಕ್ಕದಂತೆ 1.4 ಪಟ್ಟು ಮಾತ್ರ ಆಗುತ್ತದೆ. ಹಾಗೆಯೇ ಭಾರ ಹೆಚ್ಚಿದರೆ ತೂಗು ನಿಧಾನವಾಗುತ್ತದೆ. ಚಾಲಕನೊಬ್ಬನೇ ಕುಳಿತಾಗ ಹಿಂದಿನ ಸ್ಪ್ರಿಂಗುಗಳ ಮೇಲೆ 450 ಕಿಲೋಗ್ರಾಂ ಭಾರವಿದ್ದು, ಹಿಂದಿನ ಆಸನದಲ್ಲಿ ಮೂವರು ಕುಳಿತು ಡಿಕ್ಕಿಯಲ್ಲಿ ಜೋಳದ ಚೀಲವನ್ನಿಟ್ಟಾಗ ಅದು 750ಕ್ಕೆ ಏರಿತೆನ್ನೋಣ. ಖಾಲಿ ಕಾರಿನಲ್ಲಿ ಒಂದೂವರೆಯಿದ್ದ ತೂಗು ಆಗ 1.16ಕ್ಕೆ ಇಳಿಯುತ್ತದೆ. ಒಂದೇ ಕಾರು ಬೆಳಗ್ಗೆ ಒಂದು ಬಗೆಯಾಗಿ, ಸಂಜೆ ಇನ್ನೊಂದು ಬಗೆಯಾಗಿ ವರ್ತಿಸುವುದು ಹೀಗೆ.

ಮುಂದಿನ ಸ್ಪ್ರಿಂಗಿಗಿಂತ ಹಿಂದಿನದು ತುಸು ಬೇಗ ತೂಗಬೇಕು ಎಂಬುದು ಅನುಭವದಿಂದ ದೊರೆತ ಇನ್ನೊಂದು ನಿಯಮ. ರೋಲ್ಸ್‌ರಾಯ್ಸ್ ಸಂಸ್ಥೆಯಿಂದ ಅಮೆರಿಕದ ಕ್ಯಾಡಿಲಾಕ್‌ಗೆ ಹೋದ ಮಾರಿಸ್ ಓಲಿ ಎಂಬ ಎಂಜಿನಿಯರನು 1930ರ ದಶಕದ ಮೊದಲಲ್ಲಿ, ಭಾರಗಳನ್ನು ಹಿಂದೆ ಮುಂದೆ ಸರಿಸಬಹುದಾದ ಪ್ರಯೋಗದ ಕಾರೊಂದನ್ನು ಕಟ್ಟಿ ಇದನ್ನು ತೋರಿಸಿಕೊಟ್ಟನು. ಅದಕ್ಕೂ ಮೊದಲು ಕಾರುಗಳ ಮುಂಭಾಗದ ಸ್ಪ್ರಿಂಗು ಗಡುಸು, ಹಿಂಭಾಗದ್ದು ಮೃದು. ರಸ್ತೆಯ ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ಕ್ಷಣಕಾಲ ತಡವಾಗಿ. ತಡವಾಗಿ ಆರಂಭಿಸಿದ್ದು ಬೇಗ ತೂಗಿದರೆ ಮಾತ್ರ ಎರಡೂ ಸೇರಿ ಕಾರು ಸಮತಲವಾಗಿ ಏರಿಳಿಯುತ್ತದೆ. ಇಲ್ಲವಾದರೆ ಕುದುರೆಯಂತೆ ಮುಂದಕ್ಕೂ ಹಿಂದಕ್ಕೂ ಜೀಕುತ್ತದೆ. ಮುಂದಿನ ತಿರುಚು ಸರಳನ್ನು ಮಾತ್ರ ದಪ್ಪಗೊಳಿಸಿ ಹಿಂದಿನದನ್ನು ಹಾಗೆಯೇ ಬಿಡುವವರು ಈ ಜೀಕಾಟವನ್ನು ಹಣ ಕೊಟ್ಟು ತಂದಂತಾಗುತ್ತದೆ.

ಇನ್ನು ತಿರುವಿನ ವಿಚಾರ. ಮಲೆನಾಡಿನ ಘಟ್ಟದ ರಸ್ತೆಯಲ್ಲಿ 30 ಮೀಟರು ತ್ರಿಜ್ಯದ ತಿರುವೊಂದಿದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಅದನ್ನು ಸುತ್ತುವ ಕಾರಿಗೆ, ತನ್ನ ತೂಕದ ಶೇಕಡ 42ರಷ್ಟು ಬಲವು ಅಡ್ಡಲಾಗಿ ಟಯರುಗಳಿಂದ ಒದಗಬೇಕು. ವೇಗವನ್ನು 50ಕ್ಕೆ ಏರಿಸಿದರೆ ಆ ಪ್ರಮಾಣ ಶೇಕಡ 66ಕ್ಕೆ ನೆಗೆಯುತ್ತದೆ. ವೇಗ ಕಾಲುಭಾಗ ಮಾತ್ರ ಹೆಚ್ಚಿತು. ಟಯರಿನ ಹೊಣೆ ಅರ್ಧಕ್ಕಿಂತ ಮಿಗಿಲಾಗಿ ಹೆಚ್ಚಿತು. ಒಣ ಡಾಂಬರಿನಲ್ಲಿ ಒಳ್ಳೆಯ ಟಯರು ಇದನ್ನು ಹೊರಬಲ್ಲದು. ಮೊದಲ ಮಳೆಯ ದಿನ, ಎಣ್ಣೆ ಮತ್ತು ಧೂಳು ಕಲಸಿದ ರಸ್ತೆಯಲ್ಲಿ ಹೊರಲಾರದು. ತೂಗುವ್ಯವಸ್ಥೆಯನ್ನು ಎಷ್ಟೇ ಸುಧಾರಿಸಿದರೂ ಈ ಲೆಕ್ಕ ಬದಲಾಗುವುದಿಲ್ಲವೆಂಬುದನ್ನು ಮೊದಲೇ ಮನಗಾಣಬೇಕು. ಇರುವ ಹಿಡಿತವನ್ನು ಪೂರ್ಣವಾಗಿ ಬಳಸಿಕೊಳ್ಳುವಂತೆ ಮಾಡುವುದಷ್ಟೇ ಸುಧಾರಣೆಯ ಗುರಿ.

ತಿರುವಿನಲ್ಲಿ ಕಾರಿನ ಭಾರ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಣ ಅಂತರ, ಈ ಮೂರನ್ನು ಅವಲಂಬಿಸಿದೆ. ಲೆಕ್ಕಕ್ಕಾಗಿ 1150 ಕಿಲೋಗ್ರಾಂ ತೂಕ, 60 ಸೆಂಟಿಮೀಟರು ಎತ್ತರ, 135 ಸೆಂಟಿಮೀಟರು ಅಂತರ ಎಂದು ಹಿಡಿದರೆ, ಮೇಲಿನ 40 ಕಿಲೋಮೀಟರಿನ ತಿರುವಿನಲ್ಲಿ ಸುಮಾರು 215 ಕಿಲೋಗ್ರಾಂ ಭಾರ ಹೊರಬದಿಗೆ ಸರಿಯುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಗಡುಸು ಎಲ್ಲಿಯೂ ಬರಲಿಲ್ಲ ಎಂಬುದು ಮುಖ್ಯ. ಗಡುಸು ಸ್ಪ್ರಿಂಗು ಹಾಕಿದರೆ ಕಾರು ಕಡಿಮೆ ವಾಲುತ್ತದೆ. ಸರಿಯುವ ಭಾರ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ವಾಲುವುದನ್ನು ಕಂಡು ಹೆದರುವವರು, ಅದು ನಿಂತೊಡನೆ ಅಪಾಯವೂ ನಿಂತಿತೆಂದು ಭಾವಿಸುತ್ತಾರೆ. ಅಂಬಾಸಿಡರಿನಂತಹ ಕಾರಿನ ವಾಲಾಟವು ಚಾಲಕನಿಗೆ ಸಿಗುವ ಎಚ್ಚರಿಕೆಯೂ ಹೌದು. ಕಾರು ವಾಲಿದಾಗ ಹಿಂದಿನ ಆಸನದ ಹಿರಿಯರು ಗದರುತ್ತಾರೆ, ಚಾಲಕನು ವೇಗವನ್ನು ತಗ್ಗಿಸುತ್ತಾನೆ. ವಾಲದ ಕಾರು ಜಾರುವ ಮೊದಲು ಯಾರನ್ನೂ ಎಚ್ಚರಿಸುವುದಿಲ್ಲ.

ಹಾಗಾದರೆ ಕಾರನ್ನು ತಗ್ಗಿಸಿದರೆ ಗುರುತ್ವಕೇಂದ್ರ ಇಳಿಯುವುದಿಲ್ಲವೇ ಎಂದು ಕೇಳಬಹುದು. ಇಳಿಯುತ್ತದೆ. ಮೂರು ಸೆಂಟಿಮೀಟರು ತಗ್ಗಿಸಿದರೆ 215 ಕಿಲೋಗ್ರಾಂ ಭಾರವು ಸುಮಾರು 204ಕ್ಕೆ ಬರುತ್ತದೆ. ಹನ್ನೊಂದು ಕಿಲೋಗ್ರಾಮಿನ ಈ ಲಾಭಕ್ಕಾಗಿ, ಗುಂಡಿಯ ಮೇಲೆ ಚಕ್ರವು ಏರಲು ಇದ್ದ ಅವಕಾಶದಲ್ಲಿ ಮೂರು ಸೆಂಟಿಮೀಟರನ್ನು ಕಳೆದುಕೊಳ್ಳಬೇಕು. ಚಕ್ರದ ಅವಕಾಶ ಮುಗಿದು ರಬ್ಬರಿನ ತಡೆಗೆ ಬಡಿದ ಕ್ಷಣದಲ್ಲಿ ಸ್ಪ್ರಿಂಗಿನ ಗಡುಸು ಒಮ್ಮೆಗೇ ಹಲವು ಪಟ್ಟಾಗುತ್ತದೆ. ಅದು ತಿರುವಿನ ನಡುವೆ ನಡೆದರೆ ಆ ಚಕ್ರ ಜಾರುವುದು ಬಹುಮಟ್ಟಿಗೆ ಖಂಡಿತ. ಅಂಬಾಸಿಡರಿನ ಮುಂಭಾಗವನ್ನು ತಿರುಚು ಸರಳಿನ ಹಲ್ಲುಗಳನ್ನು ಬದಲಿಸಿ ತಗ್ಗಿಸುವುದು ಸುಲಭ. ಸುಲಭವೆಂಬ ಕಾರಣಕ್ಕಾಗಿಯೇ ಅನೇಕರು ಅದನ್ನು ಮಾಡುತ್ತಾರೆ. ಹಾಗೆ ತಗ್ಗಿಸಿದಾಗ ಸ್ಟಿಯರಿಂಗಿನ ಕಡ್ಡಿಗಳ ಕೋನವೂ ಬದಲಾಗಿ, ಪ್ರತಿಯೊಂದು ಉಬ್ಬಿನಲ್ಲೂ ಚಕ್ರಗಳು ತಾವಾಗಿಯೇ ಅತ್ತಿತ್ತ ತಿರುಗಲು ಆರಂಭಿಸುತ್ತವೆ. ನೇರ ರಸ್ತೆಯಲ್ಲಿಯೂ ಕಾರು ಅಲೆಯುತ್ತದೆ.

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ನಂತರದ ಕಾಲದ ಕಾರುಗಳಲ್ಲಿ ಈ ತಗ್ಗಿಸುವಿಕೆ ಇನ್ನೂ ವಿಚಿತ್ರವಾದ ಫಲವನ್ನು ಕೊಡುತ್ತದೆ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಕಾಣಿಸಿಕೊಂಡ ಈ ಏರ್ಪಾಟು ನಮ್ಮಲ್ಲಿ ಮಾರುತಿ ಕಾರುಗಳ ಮೂಲಕ ಮನೆಮಾತಾಯಿತು. ಅದರಲ್ಲಿ ಕಾರನ್ನು ತಗ್ಗಿಸಿದಾಗ ಗುರುತ್ವಕೇಂದ್ರ ಇಳಿಯುವುದಕ್ಕಿಂತ ಬೇಗನೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವು ಇಳಿಯುತ್ತದೆ. ಎರಡರ ನಡುವಣ ಸನ್ನೆಯ ತೋಳು ಉದ್ದವಾಗುತ್ತದೆ. ಕಡಿಮೆ ವಾಲಲಿ ಎಂದು ತಗ್ಗಿಸಿದ ಕಾರು, ಸ್ಪ್ರಿಂಗು ಮೊದಲಿನದೇ ಆಗಿದ್ದರೆ, ಹೆಚ್ಚು ವಾಲಬಹುದು. ನೋಟಕ್ಕೆ ಚುರುಕಾದುದು ನಡೆಗೆ ಚುರುಕಾಗಿರಬೇಕೆಂದಿಲ್ಲ.

ಹೊರಬದಿಗೆ ಸರಿಯುವ ಭಾರ ಏಕೆ ಹಾನಿಕರ ಎಂಬುದಕ್ಕೆ ಉತ್ತರ ಟಯರಿನ ಸ್ವಭಾವದಲ್ಲಿದೆ. ಭಾರ ಹೆಚ್ಚಿದಂತೆ ಟಯರಿನ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಉದಾಹರಣೆಯ ಸಂಖ್ಯೆಗಳಲ್ಲಿ ಹೇಳುವುದಾದರೆ, 300 ಕಿಲೋಗ್ರಾಂ ಭಾರದ ಎರಡು ಟಯರುಗಳು ತಲಾ 240ರಂತೆ 480ರಷ್ಟು ಅಡ್ಡಬಲವನ್ನು ಕೊಟ್ಟರೆ, ಒಂದರ ಮೇಲೆ 450 ಮತ್ತೊಂದರ ಮೇಲೆ 150 ಇದ್ದಾಗ 330 ಮತ್ತು 130ರಂತೆ 460ನ್ನು ಮಾತ್ರ ಕೊಡುತ್ತವೆ. ಒಟ್ಟು ಭಾರ ಅಷ್ಟೇ, ಹಿಡಿತ ಕಡಿಮೆ. ಆದ್ದರಿಂದ ಯಾವ ಅಚ್ಚಿನಲ್ಲಿ ಭಾರದ ಸರಿದಾಟ ಹೆಚ್ಚೋ ಆ ಅಚ್ಚು ಮೊದಲು ಜಾರುತ್ತದೆ. ಒಟ್ಟು ಸರಿದಾಟವನ್ನು ಸ್ಪ್ರಿಂಗುಗಳಿಂದ ಕಡಿಮೆ ಮಾಡಲಾಗದು; ಅದನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಹಂಚುವ ಬಗೆಯನ್ನು ಬದಲಿಸಬಹುದು. ತೂಗುವ್ಯವಸ್ಥೆಯ ಸುಧಾರಣೆಯ ಇಡೀ ಕಲೆ ಈ ಹಂಚಿಕೆಯಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಮುಂದಿನ ಚಕ್ರಗಳು ಮೊದಲು ಜಾರಿದರೆ ಕಾರು ಚಾಲಕನು ಬಯಸಿದ್ದಕ್ಕಿಂತ ಕಡಿಮೆ ತಿರುಗಿ ಹೊರಗಡೆಗೆ ಹೋಗುತ್ತದೆ. ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನ ಚಕ್ರಗಳು ಮೊದಲು ಜಾರಿದರೆ ಬಾಲ ಹೊರಬೀಸಿ ಕಾರು ಸುತ್ತುತ್ತದೆ. ಸಾಮಾನ್ಯ ಚಾಲಕನಿಗೆ ಅದನ್ನು ಸರಿಪಡಿಸಲು ಸಮಯ ದೊರೆಯುವುದಿಲ್ಲ. ಕುಟುಂಬದ ಕಾರು, ಸಂಸ್ಥೆಯ ಕಾರು ಯಾವಾಗಲೂ ಮೊದಲನೆಯ ಬಗೆಯದಾಗಿಯೇ ಇರಬೇಕು. ಕಾರಿನ ಎಡಬಲ ಚಕ್ರಗಳನ್ನು ಜೋಡಿಸುವ ಓಲುತಡೆ ಸರಳನ್ನು ಮುಂಭಾಗಕ್ಕೆ ಹಾಕಿದಾಗ ಸರಿದಾಟದ ಹೆಚ್ಚಿನ ಪಾಲು ಮುಂದಿನ ಅಚ್ಚಿಗೆ ಬಂದು, ಕಾರು ಕಡಿಮೆ ವಾಲುವುದರ ಜೊತೆಗೆ ಆ ಸುರಕ್ಷಿತ ಗುಣವೂ ಉಳಿಯುತ್ತದೆ. ಹಿಂಭಾಗಕ್ಕೆ ಮಾತ್ರ ಹಾಕಿದರೆ ಕಾರು ತಿರುವಿನಲ್ಲಿ ಉತ್ಸಾಹದಿಂದ ತಿರುಗುವಂತೆ ತೋರುತ್ತದೆ, ಚಾಲಕನು ಸಂತೋಷಪಡುತ್ತಾನೆ. ಆ ಸಂತೋಷದ ಬೆಲೆ ಮಳೆಗಾಲದಲ್ಲಿ ತಿಳಿಯುತ್ತದೆ.

ಈ ಸರಳಿನ ದಪ್ಪವನ್ನು ನಿರ್ಣಯಿಸುವಾಗ ಬಹಳ ಎಚ್ಚರ ಬೇಕು. ತಿರುಚಿಕೊಳ್ಳುವ ಸರಳಿನ ಗಡುಸು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿಲಿಮೀಟರಿನ ಬದಲು 22 ಮಿಲಿಮೀಟರಿನ ಸರಳನ್ನು ಹಾಕಿದರೆ, ಕಣ್ಣಿಗೆ ವ್ಯತ್ಯಾಸವೇ ಕಾಣದು. ಗಡುಸು ಶೇಕಡ 46ರಷ್ಟು ಏರಿರುತ್ತದೆ. 'ಸ್ವಲ್ಪ ದಪ್ಪನೆಯದು ಇರಲಿ' ಎಂಬ ಗ್ಯಾರೇಜಿನ ಮಾತು ಇಲ್ಲಿ ನಡೆಯುವುದಿಲ್ಲ. ಓಲುತಡೆ ಸರಳಿಗೆ ಇನ್ನೊಂದು ಮಿತಿಯೂ ಇದೆ: ಒಂದು ಚಕ್ರ ಗುಂಡಿಗೆ ಬಿದ್ದರೆ ಅದು ಇನ್ನೊಂದು ಬದಿಯನ್ನೂ ಎಳೆಯುತ್ತದೆ. ಸ್ವತಂತ್ರ ಚಕ್ರಗಳ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಮೊಟಕಾಗುತ್ತದೆ.

ಹಿಂದಿನ ಕಮಾನುಪಟ್ಟಿಗಳ ವಿಷಯದಲ್ಲಿ ನಮ್ಮ ಊರುಗಳಲ್ಲಿ ಒಂದು ದೊಡ್ಡ ಪರಂಪರೆಯೇ ಇದೆ. ಲಾರಿಗಳಿಗೂ ಕಾರುಗಳಿಗೂ ಕಮಾನು ಕಟ್ಟಿಕೊಡುವ ಕುಶಲ ಕಮ್ಮಾರರು ಹೆದ್ದಾರಿಯ ಪಕ್ಕದ ಪ್ರತಿ ಪಟ್ಟಣದಲ್ಲೂ ಸಿಗುತ್ತಾರೆ. ಬಗ್ಗಿದ ಪಟ್ಟಿಯನ್ನು ತಣ್ಣಗಿರುವಾಗಲೇ ಸುತ್ತಿಗೆಯಿಂದ ಹದವಾಗಿ ಬಡಿದು ಮೊದಲಿನ ಬಾಗನ್ನು ತರುವ ಅವರ ಕೈಚಳಕ ಗೌರವಕ್ಕೆ ಪಾತ್ರವಾದದ್ದು. ಆದರೆ ಕೆಲಸ ಬೇಗ ಮುಗಿಯಲೆಂದು ಪಟ್ಟಿಯನ್ನು ಗ್ಯಾಸಿನ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವವರನ್ನು ನಂಬಬಾರದು. ಸ್ಪ್ರಿಂಗಿನ ಉಕ್ಕಿಗೆ ಅದರ ಗುಣ ಬಂದಿರುವುದು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸಿದ್ದರಿಂದ. ಕೆಂಪಗೆ ಕಾಯಿಸಿ ಗಾಳಿಗೆ ಬಿಟ್ಟರೆ ಆ ಹದ ಹಾಳಾಗಿ, ಪಟ್ಟಿ ಕೆಲವೇ ತಿಂಗಳಲ್ಲಿ ಮತ್ತೆ ಕುಸಿಯುತ್ತದೆ ಅಥವಾ ಮುರಿಯುತ್ತದೆ.

ಭಾರ ಹೊರಲೆಂದು ಒಂದು ಹೆಚ್ಚಿನ ಪಟ್ಟಿಯನ್ನು ಸೇರಿಸುವುದು ಹಾಗೂ ಬಾಗನ್ನು ಎತ್ತರಿಸುವುದು ಇನ್ನೊಂದು ಸಾಮಾನ್ಯ ಪದ್ಧತಿ. ಒಂದೇ ದಪ್ಪದ ಆರು ಪಟ್ಟಿಗಳಿಗೆ ಏಳನೆಯದನ್ನು ಕೂಡಿಸಿದರೆ ಗಡುಸು ಸುಮಾರು ಆರರಲ್ಲಿ ಒಂದು ಪಾಲು ಏರುತ್ತದೆ. ನಿತ್ಯವೂ ತುಂಬಿದ ಡಿಕ್ಕಿಯೊಡನೆ ಓಡುವ ಕಾರಿಗೆ ಅದು ಸಲ್ಲುತ್ತದೆ. ಬಾಗನ್ನು ಅತಿಯಾಗಿ ಎತ್ತರಿಸುವುದು ಮಾತ್ರ ಅಪಾಯಕಾರಿ, ಮತ್ತು ಅದರ ಕಾರಣ ಮೇಲ್ನೋಟಕ್ಕೆ ಹೊಳೆಯುವಂಥದಲ್ಲ. ಕಮಾನಿನ ಮುಂದಿನ ಕಣ್ಣು ಕಾರಿನ ಒಡಲಿಗೆ ಬಿಗಿದಿರುತ್ತದೆ. ಅಚ್ಚು ಆ ಕಣ್ಣಿನ ಸುತ್ತ ಕಂಸಾಕಾರದಲ್ಲಿ ಏರಿಳಿಯುತ್ತದೆ. ಹಿಂಭಾಗ ಎತ್ತರವಾದಾಗ ಕಣ್ಣು ಅಚ್ಚಿಗಿಂತ ಬಹಳ ಮೇಲಾಗುತ್ತದೆ. ಆಗ ಕಾರು ವಾಲಿದೊಡನೆ ಹೊರಚಕ್ರ ಮೇಲೇರುತ್ತ ಹಿಂದಕ್ಕೆ ಸರಿಯುತ್ತದೆ, ಒಳಚಕ್ರ ಕೆಳಗಿಳಿಯುತ್ತ ಮುಂದಕ್ಕೆ ಬರುತ್ತದೆ. ಅಂದರೆ ಇಡೀ ಹಿಂದಿನ ಅಚ್ಚು ತಿರುವಿನ ಹೊರಗಡೆಗೆ ಮುಖ ಮಾಡುತ್ತದೆ. ಬಾಲವನ್ನು ಹೊರಬೀಸುವ ಗುಣ ಹೀಗೆ ಕಾರಿನೊಳಗೆ ತಾನಾಗಿ ಸೇರಿಕೊಳ್ಳುತ್ತದೆ. ಜಾತ್ರೆಗೆ ದಾಸೋಹದ ಸಾಮಾನು ಹೊತ್ತಾಗ ಸರಿಯಾಗಿದ್ದ ಕಾರು, ಖಾಲಿಯಾಗಿ ಮರಳುವಾಗ ತಿರುವಿನಲ್ಲಿ ಚಾಲಕನನ್ನು ಬೆಚ್ಚಿಬೀಳಿಸುವುದುಂಟು. ದೋಷವನ್ನು ಆಗ ಟಯರಿನ ಮೇಲೋ ಚಾಲಕನ ಮೇಲೋ ಹೊರಿಸಲಾಗುತ್ತದೆ.

ಶಾಕ್ ಅಬ್ಸಾರ್ಬರ್ ಎಂಬ ಹೆಸರು ದಾರಿತಪ್ಪಿಸುವಂಥದು. ಆಘಾತವನ್ನು ನುಂಗುವುದು ಸ್ಪ್ರಿಂಗು. ಅದು ನುಂಗಿದ ಶಕ್ತಿಯನ್ನು ಮತ್ತೆ ಮತ್ತೆ ಉಗುಳದಂತೆ, ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ಹಾಯಿಸಿ ಶಾಖವಾಗಿ ಕಳೆಯುವುದು ಈ ಉಪಕರಣದ ಕೆಲಸ. ಕಂಪನಶಾಮಕವೆಂದರೆ ಹೆಚ್ಚು ಸರಿಯಾದೀತು. ಹಳೆಯ ಕಾರಿನ ರಸ್ತೆಹಿಡಿತದ ದೂರುಗಳಲ್ಲಿ ದೊಡ್ಡ ಪಾಲು ಈ ಸವೆದ ಶಾಮಕಗಳಿಂದಲೇ ಬರುತ್ತದೆ. ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ, ಅದು ಮೇಲೆ ಬಂದು ಒಮ್ಮೆ ತುಸು ತಗ್ಗಿ ನಿಲ್ಲಬೇಕು. ಎರಡು ಮೂರು ಬಾರಿ ತೂಗಾಡಿದರೆ ಶಾಮಕದ ಆಯುಸ್ಸು ಮುಗಿದಿದೆ. ಈ ಪರೀಕ್ಷೆ ಒರಟಾದದ್ದು, ಪೂರ್ಣ ಸವೆದದ್ದನ್ನು ಮಾತ್ರ ತೋರಿಸುತ್ತದೆ. ಅರ್ಧ ಸವೆದದ್ದು ಇದರಲ್ಲಿ ಸಿಕ್ಕಿಬೀಳದೆ ಹೋಗಬಹುದು. ಕೊಳವೆಯ ಹೊರಮೈಯಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಹೊಸ ಶಾಮಕವನ್ನು ಆರಿಸುವಾಗಲೂ ಗಡುಸಾದುದೇ ಉತ್ತಮವೆಂಬ ಭ್ರಮೆ ಅಡ್ಡಬರುತ್ತದೆ. ಸಾಮಾನ್ಯವಾಗಿ ಶಾಮಕವು ಚಕ್ರ ಮೇಲೇರುವಾಗ ಕಡಿಮೆ, ಕೆಳಗಿಳಿಯುವಾಗ ಹೆಚ್ಚು ತಡೆಯನ್ನು ಒಡ್ಡುವಂತೆ ಮಾಡಿರುತ್ತಾರೆ. ಈ ಇಳಿತದ ತಡೆ ಮಿತಿಮೀರಿದರೆ, ಅಲೆಯಲೆಯಾದ ರಸ್ತೆಯಲ್ಲಿ ಒಂದು ಉಬ್ಬನ್ನು ದಾಟಿದ ಚಕ್ರ ಮುಂದಿನ ಉಬ್ಬು ಬರುವಷ್ಟರಲ್ಲಿ ಪೂರ್ತಿ ಕೆಳಗೆ ಬರಲಾರದು. ಉಬ್ಬಿನಿಂದ ಉಬ್ಬಿಗೆ ಕಾರು ಕುಸಿಯುತ್ತ ಹೋಗಿ ಕೊನೆಗೆ ತಡೆಗೆ ಬಡಿಯತೊಡಗುತ್ತದೆ. ಜಲ್ಲಿ ಎದ್ದ ತಿರುವಿನಲ್ಲಿ ಗಡುಸು ಕಾರೊಂದು ಅಡ್ಡಡ್ಡಲಾಗಿ ಕುಪ್ಪಳಿಸಿ ಹೊರಗೆ ಹೋಗುವುದನ್ನು ಕಂಡವರು ಬಹಳ ಮಂದಿ ಇದ್ದಾರೆ. ಗಾಳಿಯಲ್ಲಿರುವ ಚಕ್ರಕ್ಕೆ ಯಾವ ಹಿಡಿತವೂ ಇಲ್ಲ. ಓಟದ ಪಂದ್ಯದ ನುಣುಪಾದ ಪಥದಲ್ಲಿ ಹಿಡಿತವನ್ನು ಕೊಡುವ ಗಡುಸೇ ನಮ್ಮ ತಾಲೂಕು ರಸ್ತೆಯಲ್ಲಿ ಹಿಡಿತವನ್ನು ಕಸಿಯುತ್ತದೆ. ರಸ್ತೆಹಿಡಿತವೆಂಬುದು ಕಾರಿನೊಂದರ ಗುಣವಲ್ಲ, ಕಾರು ಮತ್ತು ರಸ್ತೆ ಎರಡೂ ಸೇರಿದ ಗುಣ.

ಖರ್ಚಿಗೆ ಹೋಲಿಸಿದರೆ ಅತ್ಯಂತ ಹೆಚ್ಚು ಫಲ ಕೊಡುವುದು ಟಯರು. ಅಂಬಾಸಿಡರ್ ರೂಪುಗೊಂಡದ್ದು ಅಡ್ಡಹೆಣಿಗೆಯ ಟಯರುಗಳ ಕಾಲದಲ್ಲಿ. ಫ್ರಾನ್ಸಿನ ಮಿಶಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟಯರು ಪಕ್ಕದ ಗೋಡೆಯನ್ನು ಮೆತುವಾಗಿ, ನೆಲ ತಾಗುವ ಪಟ್ಟಿಯನ್ನು ಗಟ್ಟಿಯಾಗಿ ಇಟ್ಟಿತು. ಅದರಿಂದ ತಿರುವಿನಲ್ಲಿ ಟಯರಿನ ಹೆಜ್ಜೆ ನೆಲದ ಮೇಲೆ ಚಪ್ಪಟೆಯಾಗಿ ಉಳಿಯುತ್ತದೆ. ಸರಿಯಾದ ಅಳತೆಯ ರೇಡಿಯಲ್ ಟಯರುಗಳು ಹಾಗೂ ಆರೋಗ್ಯವಾಗಿರುವ ಶಾಮಕಗಳು, ಇವೆರಡರಿಂದಲೇ ಹಳೆಯ ಸೆಡಾನಿನ ನಡೆ ಗುರುತು ಸಿಗದಷ್ಟು ಬದಲಾಗುವುದುಂಟು. ನಿಂತಲ್ಲಿ ಸ್ಟಿಯರಿಂಗ್ ತುಸು ಭಾರವಾಗುವುದನ್ನು ಸಹಿಸಬೇಕು. ಎರಡು ಬಗೆಯ ಟಯರುಗಳನ್ನು ಒಂದೇ ಅಚ್ಚಿನಲ್ಲಿ ಬೆರೆಸಲೇಬಾರದು. ಮುಂದೆ ರೇಡಿಯಲ್, ಹಿಂದೆ ಅಡ್ಡಹೆಣಿಗೆ ಎಂಬ ಜೋಡಣೆ ಎಲ್ಲಕ್ಕಿಂತ ಕೆಟ್ಟದ್ದು. ಬಾಲ ಮೊದಲು ಜಾರುವುದಕ್ಕೆ ಅದು ಕೊಟ್ಟ ಆಹ್ವಾನ. ಗಾಳಿಯ ಒತ್ತಡವನ್ನು ಬೆಳಗ್ಗೆ ಕಾರು ಹೊರಡುವ ಮುನ್ನ, ಟಯರು ತಣ್ಣಗಿರುವಾಗ ಅಳೆಯಬೇಕು. ಪೆಟ್ರೋಲ್ ಬಂಕಿನವರೆಗೆ ಬಹುದೂರ ಓಡಿಸಿಕೊಂಡು ಹೋಗಿ ಅಳೆದದ್ದು ಟಯರು ಬಿಸಿಯಾಗಿದ್ದಾಗಿನ ಅಳತೆ.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕಾಗುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸವೆದ ಸ್ಪ್ರಿಂಗು, ಶಾಮಕ, ರಬ್ಬರು ಬುಷ್‌ಗಳನ್ನು ಅದೇ ಗುಣದ ಹೊಸದರಿಂದ ಬದಲಿಸುವುದು ದುರಸ್ತಿ; ಚಾಸಿಯನ್ನು ಕೊರೆದು ಬೇರೊಂದು ಕಾರಿನ ಮುಂಭಾಗದ ಏರ್ಪಾಟನ್ನು ಬೆಸುಗೆ ಹಾಕುವುದು ದುರಸ್ತಿಯಲ್ಲ. 50 ವರ್ಷ ಮೀರಿದ ಕಾರುಗಳ ಪ್ರತ್ಯೇಕ ನೋಂದಣಿಗೆ 2021ರಲ್ಲಿ ಬಂದ ನಿಯಮಗಳೂ ಚಾಸಿ ಹಾಗೂ ಒಡಲು ಮೂಲರೂಪದಲ್ಲಿಯೇ ಇರಬೇಕೆಂದು ಬಯಸುತ್ತವೆ. ವಿಮೆಯ ಪರಿಹಾರವನ್ನು ಕೇಳುವ ದಿನ ಬಂದರೆ ಈ ವ್ಯತ್ಯಾಸಕ್ಕೆ ಬಹಳ ಬೆಲೆ ಬರುತ್ತದೆ.

ಆದ್ದರಿಂದ ಕೆಲಸಕ್ಕೆ ಕೈಹಾಕುವವರು ಮೊದಲು ಹೊಸದನ್ನು ಕೊಳ್ಳದೆ ಹಳೆಯದನ್ನು ಪರೀಕ್ಷಿಸಬೇಕು. ಮುಂದಿನ ಚಕ್ರವನ್ನು ಜಾಕಿನ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಅದನ್ನು ಸರಿಪಡಿಸುವವರೆಗೆ ಬೇರೆ ಯಾವ ಸುಧಾರಣೆಗೂ ಅರ್ಥವಿಲ್ಲ. ಕಮಾನಿನ ಕಣ್ಣುಗಳಲ್ಲಿರುವ ರಬ್ಬರು ಬುಷ್‌ಗಳು ಸವೆದಿದ್ದರೆ ಹಿಂದಿನ ಅಚ್ಚೇ ಅತ್ತಿತ್ತ ಸರಿಯುತ್ತದೆ. ಅವುಗಳ ಬದಲು ಸಿಗುವ ಗಟ್ಟಿ ಪಾಲಿಯುರೆಥೇನ್ ಬುಷ್‌ಗಳು ಚಲನೆಯನ್ನು ನಿಖರಗೊಳಿಸುತ್ತವೆ. ರಸ್ತೆಯ ಸದ್ದನ್ನೂ ಒಳಗೆ ತರುತ್ತವೆ. ಆಮೇಲೆ ಟಯರು, ಶಾಮಕ. ಮೂಲ ಎತ್ತರ ಕುಸಿದಿದ್ದರೆ ಸ್ಪ್ರಿಂಗನ್ನು ಆ ಎತ್ತರಕ್ಕೆ ಮರಳಿಸುವುದು, ಅದಕ್ಕಿಂತ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ. ಇಷ್ಟಾದ ಮೇಲೂ ವಾಲಾಟ ಅತಿಯೆನಿಸಿದರೆ ಮಾತ್ರ, ಮುಂಭಾಗಕ್ಕೆ ಮಿತವಾದ ಓಲುತಡೆ ಸರಳು. ಪದ್ಮಿನಿಯಂತಹ ಕಾರಿನಲ್ಲಿ ಸುರುಳಿ ಸ್ಪ್ರಿಂಗನ್ನು ಕತ್ತರಿಸುವ ಅಗ್ಗದ ಉಪಾಯಕ್ಕೆ ಯಾರೂ ಕೈಹಾಕಬಾರದು. ಎಂಟು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಕಾರು ತಗ್ಗುವುದರೊಂದಿಗೆ ಸ್ಪ್ರಿಂಗು ಶೇಕಡ 14ರಷ್ಟು ಗಡುಸಾಗುತ್ತದೆ. ತುದಿಯು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದೆ, ಚಕ್ರ ತೂಗುಬಿದ್ದಾಗ ಹೊರಜಿಗಿಯುವ ಸಂಭವವೂ ಇರುತ್ತದೆ.

ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಿ, ಪರಿಚಿತವಾದ ರಸ್ತೆಯಲ್ಲಿ, ಅದೇ ವೇಗದಲ್ಲಿ, ಒಮ್ಮೆ ಖಾಲಿಯಾಗಿಯೂ ಒಮ್ಮೆ ಪೂರ್ಣಭಾರದೊಡನೆಯೂ ಓಡಿಸಿ ನೋಡುವುದು ಲೇಸು. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಯಾವ ಫಲ ಬಂದಿತೆಂಬುದು ತಿಳಿಯದೆ ಹೋಗುತ್ತದೆ. ಮುಂಭಾಗದ ಎತ್ತರ ಒಂದಿಷ್ಟು ಬದಲಾದರೂ ಚಕ್ರಗಳ ನೇರ್ಪನ್ನು ಮತ್ತೆ ಅಳತೆ ಮಾಡಿಸಬೇಕು, ದೀಪದ ಕಿರಣದ ಕೋನವನ್ನೂ ಹೊಂದಿಸಬೇಕು. ಕಮಾನನ್ನು ಬಿಚ್ಚಿ ಕಟ್ಟಿದ ಕಾರಿನಲ್ಲಿ, ಅಚ್ಚಿಗೆ ಬಿಗಿದ ಯು ಆಕಾರದ ಬೋಲ್ಟುಗಳು ಪಟ್ಟಿಗಳು ಒಂದರ ಮೇಲೊಂದು ಕುಳಿತುಕೊಂಡಂತೆ ತುಸು ಸಡಿಲವಾಗುತ್ತವೆ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ, ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ, ಅವನ್ನು ಇನ್ನೊಮ್ಮೆ ಬಿಗಿಯಬೇಕು.